ಹಾರುವ ಎದೆ, ತಪ್ಪುವ ಎದೆ

ಎದೆಯ ಬಡಿತ ಕೆಟ್ಟಾಗ ನಮ್ಮ ಕಡೆಯ ಜನ ಅದಕ್ಕೆ ಒಂದೇ ಹೆಸರು ಹೇಳುತ್ತಿರಲಿಲ್ಲ. ಒಬ್ಬರಿಗೆ ಎದೆ ಹಾರುತ್ತಿತ್ತು, ಒಬ್ಬರಿಗೆ ತಪ್ಪುತ್ತಿತ್ತು, ಒಬ್ಬರಿಗೆ ಒದೆಯುತ್ತಿತ್ತು, ಇನ್ನೊಬ್ಬರಿಗೆ ಝಲ್ ಎನ್ನುತ್ತಿತ್ತು. ನಾನು ವೈದ್ಯ ಕಲಿತದ್ದು ನಿಜಾಮರ ಕಾಲದ ಹೈದರಾಬಾದಿನಲ್ಲಿ, ಉರ್ದುವಿನಲ್ಲಿ. ಅಲ್ಲಿ ಇವೆಲ್ಲಕ್ಕೂ ಒಂದೇ ಶಬ್ದವಿತ್ತು: ಇಖ್ತಿಲಾಜ್. ಚಿತ್ತಾಪುರದಲ್ಲಿ ನಮ್ಮ ದವಾಖಾನೆಗೆ ಬಂದವರ ಬಾಯಿಂದ ‘ಹಾರತದ’ ಎಂದು ಬಂದದ್ದೂ ‘ತಪ್ಪತದ’ ಎಂದು ಬಂದದ್ದೂ ಡಾಕ್ಟರರ ಬಾಯಿಗೆ ಹೋಗುವಷ್ಟರಲ್ಲಿ ಇಖ್ತಿಲಾಜ್ ಆಗಿಬಿಡುತ್ತಿತ್ತು. ಈ ಒಂದು ಶಬ್ದದಿಂದ ನಾಲವಾರದ ಶರಣಮ್ಮ ಎಂಬ ಸೊಸೆ ತನ್ನ ಮನೆಯನ್ನೂ ಕೂಸನ್ನೂ ಕಳೆದುಕೊಳ್ಳುವುದರಲ್ಲಿದ್ದಳು. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನೇರವಾಗಿ ಬರೆಯಲು ಧೈರ್ಯವಾಗುತ್ತಿಲ್ಲ. ನಿವೃತ್ತನಾದ ಮೇಲೆ ಇದನ್ನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗಿದೆ, ಪಾಲಿಶ್ ಹಿಡಿದ ಶಹಾಬಾದ್ ಕಲ್ಲಿನ ಹಾಗೆ. ನುಣುಪಾದ ಜಾಗಗಳ ಮೇಲೆ ನನಗೆ ಸಂಶಯ. ಕಾಲಿಗೆ ಚುಚ್ಚುವ ಜಾಗಗಳನ್ನು ನಂಬುತ್ತೇನೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಹೃದಯದ ನಡಿಗೆಯನ್ನು ಕಾಗದದ ಪಟ್ಟಿಯ ಮೇಲೆ ಗೀಚಿ ಕೊಡುವ ಯಂತ್ರವಿದೆ. ಆ ಯಂತ್ರದ ಮುಂದೆ ನಾನೂ ನಿಂತಿದ್ದೇನೆ, ಕೈ ಮುಗಿಯಬೇಕೆನಿಸಿದೆ. ನಮ್ಮ ಹತ್ತಿರ ಅದು ಇರಲಿಲ್ಲ. ಇದ್ದದ್ದು ಬೆರಳು, ಕಿವಿ, ಮತ್ತೆ ಒಂದು ಬೂಟು.

ಬೂಟು ಹಮೀದ್ ಸಾಹೇಬರದು. ಅವರು ನಮ್ಮ ದವಾಖಾನೆಯ ದೊಡ್ಡ ಡಾಕ್ಟರು, ನಾನು ಅವರ ಕೈಕೆಳಗಿನ ಸಣ್ಣ ಡಾಕ್ಟರು. ಹೈದರಾಬಾದ್ ಶಹರದಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರಿಗೆ ಕನ್ನಡ ಅರ್ಧ ತಿಳಿಯುತ್ತಿತ್ತು, ಮಾತಾಡಲು ಕಾಲುಭಾಗವೂ ಬರುತ್ತಿರಲಿಲ್ಲ. ರೋಗಿಯ ಎದೆಗೆ ಸ್ಟೆತೋಸ್ಕೋಪು ಇಟ್ಟು ಅವರು ಕಣ್ಣು ಮುಚ್ಚಿಕೊಂಡರೆ, ಸ್ವಲ್ಪ ಹೊತ್ತಿಗೆ ಬಲಗಾಲಿನ ಬೂಟಿನ ತುದಿ ನೆಲದ ಫರಸಿಕಲ್ಲಿನ ಮೇಲೆ ತಾಳ ಹಾಕತೊಡಗುತ್ತಿತ್ತು. ಅದು ಸಾಹೇಬರ ಚಡಪಡಿಕೆ ಎಂದು ಹೊರಗೆ ಕೂತವರು ತಿಳಿಯುತ್ತಿದ್ದರು. ಸೇಡಂ ಕಡೆಯಿಂದ ಬಂದ ರೈತನೊಬ್ಬ ನನ್ನ ಕಿವಿಯಲ್ಲಿ ಕೇಳಿದ್ದು ನೆನಪಿದೆ:

“ಯಾಕ್ರೀ ಆಚಾರ್ರ, ಸಾಹೇಬ್ರಿಗಿ ಗಾಡಿಗಿ ಹೊತ್ತಾಗ್ಯದೇನ್ರಿ? ಕಾಲು ಕುಣಸಾಕತ್ತಾರ.”

ಕೇಳಿ ಮುಗಿದ ಮೇಲೆ ಸಾಹೇಬರು ಸ್ಟೆತೋಸ್ಕೋಪನ್ನು ಕೊರಳಿಗೆ ಇಳಿಸಿ ಮೆಲ್ಲಗೆ “ಸುಭಾನಲ್ಲಾಹ್” ಎನ್ನುತ್ತಿದ್ದರು. ಕೆಟ್ಟ ಹೃದಯಕ್ಕೂ ಅಷ್ಟೇ, ಗಟ್ಟಿಮುಟ್ಟಾದ ಹೃದಯಕ್ಕೂ ಅಷ್ಟೇ. ದೇವರನ್ನು ಕೊಂಡಾಡುವ ಆ ಮಾತು ಅವರ ನಾಲಿಗೆಯ ಚಾಳಿ ಎಂದು ಮೊದಮೊದಲು ನನಗನಿಸಿತ್ತು. ಕೆಲವು ವರ್ಷಗಳಾದ ಮೇಲೆ ನಾನೂ, ವೈಷ್ಣವರ ಮನೆಯಲ್ಲಿ ಹುಟ್ಟಿದವನು, ಸ್ಟೆತೋಸ್ಕೋಪು ತೆಗೆಯುತ್ತ ಒಳಗೇ ಏನೋ ಅಂದುಕೊಳ್ಳತೊಡಗಿದ್ದೆ. ಏನೆಂದು ಈಗ ಹೇಳಿದರೆ ಅದು ಅಲಂಕಾರವಾಗುತ್ತದೆ.

“ಪಾಂವ್ ಸೇ ಸುನೋ, ಆಚಾರಿ” ಎಂದು ಅವರು ಹೇಳಿಕೊಟ್ಟರು. ಕಾಲಿನಿಂದ ಕೇಳು.

ಹಾಗೆ ಕೇಳಲು ಕಲಿತದ್ದು ಶಹಾಬಾದಿನ ಕಲ್ಲುಗಣಿಯ ಲಕ್ಷ್ಮಪ್ಪನಿಂದ. ಫರಸಿ ಒಡೆಯುವವನು, ಮೈ ಕಬ್ಬಿಣದ ಹಾಗಿತ್ತು. ಭಜನೆಯಲ್ಲಿ ತಾಳ ಬಾರಿಸುತ್ತಿದ್ದ. ಬಂದವನೇ ಬೆಂಚಿನ ಮೇಲೆ ಕೂತು, “ಎದಿ ಒಂದು ಪೆಟ್ಟು ತಪ್ಪತದರಿ, ಆಮ್ಯಾಲೆ ಒಳಗಿಂದ ಝಾಡಿಸಿ ಒದೀತದ” ಎಂದ.

ಮಣಿಕಟ್ಟು ಹಿಡಿದೆ. ನಿಜ. ನಾಡಿ ಸರಿಯಾಗಿ ನಡೆದು ನಡೆದು ಒಂದು ಕಡೆ ಇಲ್ಲವಾಗುತ್ತಿತ್ತು. ತಗ್ಗಿನಲ್ಲಿ ಕಾಲಿಟ್ಟ ಹಾಗಾಗುತ್ತಿತ್ತು ನನಗೆ. ತಪ್ಪಿದೆ ಎಂದೇ ನಾನೂ ಅಂದುಕೊಂಡೆ. ಆದರೆ ಎದೆಗೆ ಸ್ಟೆತೋಸ್ಕೋಪು ಇಟ್ಟು ಕೇಳಿದಾಗ ಬೇರೆಯೇ ಇತ್ತು. ಮಣಿಕಟ್ಟು ಖಾಲಿಯಾಗುವುದಕ್ಕೆ ಮೊದಲು, ಎದೆಯಲ್ಲಿ ಒಂದು ಬಡಿತ ತನ್ನ ಹೊತ್ತಿಗಿಂತ ಮುಂಚೆ ಅವಸರದಿಂದ ಬಂದುಬಿಡುತ್ತಿತ್ತು. ಅಷ್ಟರಲ್ಲಿ ಹೃದಯ ಇನ್ನೂ ತುಂಬಿರುವುದಿಲ್ಲ, ಆ ಬಡಿತಕ್ಕೆ ದೂಡಲು ರಕ್ತವಿಲ್ಲ, ಮಣಿಕಟ್ಟಿನವರೆಗೆ ಅದು ಮುಟ್ಟುವುದಿಲ್ಲ. ಅನಂತರ ಹೃದಯ ಸ್ವಲ್ಪ ತಡೆಯುತ್ತದೆ. ತಡೆದಷ್ಟು ಹೊತ್ತು ತುಂಬಿಕೊಳ್ಳುತ್ತದೆ. ತುಂಬಿದ್ದನ್ನು ಮುಂದಿನ ಬಡಿತ ಒಮ್ಮೆಲೇ ದೂಡುತ್ತದೆ. ಅದೇ ಲಕ್ಷ್ಮಪ್ಪನ ಒದೆ.

ಪುಸ್ತಕದಲ್ಲಿ ಇದನ್ನು ಓದಿದ್ದೆ. ಆದರೆ ಆ ಹೊತ್ತು ಕಿವಿಯಲ್ಲಿ ಎದೆಯನ್ನೂ ಬೆರಳಲ್ಲಿ ಮಣಿಕಟ್ಟನ್ನೂ ಹಿಡಿದು ಕೂತಾಗ ಮೈ ಜುಂ ಎಂದಿತು. ಮನುಷ್ಯ ತಪ್ಪಿತು ಎಂದು ಹೆದರುತ್ತಿರುವುದು ತಪ್ಪಿದ್ದೇ ಅಲ್ಲ, ಹೆಚ್ಚಿಗೆ ಬಂದದ್ದು.

ಬೂಟಿನ ಕೆಲಸ ಇಲ್ಲಿ. ಎದೆಯ ಗತಿಗೆ ಸರಿಯಾಗಿ ಕಾಲಿನಿಂದ ತಾಳ ಹಾಕುತ್ತಿರಬೇಕು. ನಡುವೆ ಆ ಅವಸರದ ಬಡಿತ ಬಂದರೂ ಕಾಲು ತನ್ನ ತಾಳ ಬಿಡಬಾರದು. ತಡೆದು ನಿಂತ ಹೃದಯ ಮತ್ತೆ ಹೊರಟಾಗ ಕಾಲಿನ ಪೆಟ್ಟಿಗೇ ಬಂದು ಕೂಡಿದರೆ, ಹೆಚ್ಚಿನದು ಹುಟ್ಟಿದ್ದು ಹೃದಯದ ಕೆಳಗಿನ ಕೋಣೆಗಳಲ್ಲಿ. ಬಡಿತ ಹುಟ್ಟಿಸುವ ಜಾಗ ಹೃದಯದ ಮೇಲ್ಭಾಗದಲ್ಲಿದೆ; ಅಲ್ಲಿ ಕೂತು ತಾಳ ಕಾಯುವವನಿಗೆ ಕೆಳಗಿನ ಗದ್ದಲ ಮುಟ್ಟಿಲ್ಲ. ಹಾಗಲ್ಲದೆ ಎದೆ ಕಾಲಿನ ತಾಳ ಬಿಟ್ಟು ಹೊಸ ಜಾಗದಿಂದ ಹೊರಟರೆ, ಅದು ಹುಟ್ಟಿದ್ದು ಮೇಲಿನ ಕೋಣೆಗಳಲ್ಲಿ. ತಾಳ ಕಾಯುವವನನ್ನೇ ಅದು ಅಲುಗಿಸಿದೆ. ಯಾವಾಗಲೂ ಹೀಗೆಂದು ಆಣೆ ಮಾಡಲಾರೆ, ಬಹಳ ಸಲ ಹೀಗೆ. ಲಕ್ಷ್ಮಪ್ಪನಿಗೆ ಇದನ್ನು ಹೇಳಿದಾಗ ಅವನಿಗೆ ನನಗಿಂತ ಬೇಗ ತಿಳಿಯಿತು. “ಸಮಕ್ಕ ಬಂದು ಕೂಡತದೋ ಇಲ್ಲೋ, ಅಷ್ಟೇ ಅಲ್ಲರಿ?” ಎಂದ.

ಸಾಹೇಬರು ಅವನಿಗೆ ಅಂಗಳದಲ್ಲಿದ್ದ ಒಂದು ಫರಸಿಯನ್ನು ಎತ್ತಿಕೊಂಡು ಗೋಡೆಯವರೆಗೆ ಹೋಗಿ ಬರಲು ಹೇಳಿದರು. ಬಂದ ಮೇಲೆ ಕೇಳಿದರೆ ಹೃದಯ ಓಡುತ್ತಿತ್ತು, ಒಂದು ಬಡಿತವೂ ಅತ್ತಿತ್ತ ಇರಲಿಲ್ಲ. ದುಡಿಯುವಾಗ ಮಾಯವಾಗಿ, ಸುಮ್ಮನೆ ಕೂತಾಗ ಬರುವ ಈ ಹೆಚ್ಚಿನ ಬಡಿತಗಳು ಬಹಳ ಮಟ್ಟಿಗೆ ನಿರುಪದ್ರವಿಗಳು. ದುಡಿದಾಗ ಹೆಚ್ಚುವುದಾದರೆ, ಜೊತೆಗೆ ಉಬ್ಬಸ, ಕಾಲು ಬಾವು ಇದ್ದರೆ, ಆಗ ಎಚ್ಚರ. ಲಕ್ಷ್ಮಪ್ಪನಿಗೆ ತಂಬಾಕು ಬಿಡು, ಚಹಾ ಕಡಿಮೆ ಮಾಡು ಎಂದೆವು. ಅವನಿಗೆ ಸಮಾಧಾನವಾಗಲಿಲ್ಲ.

“ಕೆಲಸ ಮಾಡಿದ್ರ ಬರಂಗಿಲ್ಲ, ಮಲಗಿದ್ರ ಬರತದ. ಅಂದ್ರ ನಾ ಮಲಗಬಾರದೇನ್ರಿ? ಇದನ್ನ ನಮ್ಮ ಗಣಿ ಮಾಲಕರ ಮುಂದ ಹೇಳಬ್ಯಾಡ್ರಿ ಮತ್ತ.”

ಇನ್ನೊಂದು ಬಗೆಯನ್ನು ತೋರಿಸಿದ್ದು ಚಿಂಚೋಳಿ ಕಡೆಯ ಒಬ್ಬ ಮುದುಕರು. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಿದ್ದರು. ಕಾಲು ಬಾತಿದ್ದವು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅವರ ಎದೆ ಕೇಳುತ್ತಿದ್ದಾಗ ಸಾಹೇಬರ ಬೂಟು ಹೊರಟಿತು, ತಡವರಿಸಿತು, ಮತ್ತೆ ಹೊರಟಿತು, ನಿಂತುಬಿಟ್ಟಿತು. ನಾನು ಎಂದೂ ಅದು ನಿಂತದ್ದನ್ನು ನೋಡಿರಲಿಲ್ಲ. ಆ ಹೃದಯದಲ್ಲಿ ಹಿಡಿಯಲು ತಾಳವೇ ಇರಲಿಲ್ಲ. ಒಂದು ಬಡಿತ ಹತ್ತಿರ, ಒಂದು ದೂರ, ಒಂದು ಜೋರು, ಒಂದು ಮಂದ, ಯಾವುದಕ್ಕೂ ಯಾವುದರ ಗೊಡವೆಯಿಲ್ಲ. ಲಕ್ಷ್ಮಪ್ಪನ ಎದೆ ತಾಳ ಗೊತ್ತಿದ್ದೂ ನಡುವೆ ಕೈ ತಪ್ಪಿದವನ ಹಾಗೆ. ಇದು ಬೀದಿಯ ಮೇಲೆ ಕಡಲೆ ಚೆಲ್ಲಿದ ಹಾಗೆ. ಸಾಹೇಬರು ಸುಭಾನಲ್ಲಾಹ್ ಎಂದರು, ಆದರೆ ಆ ದಿನ ತಡವಾಗಿ ಎಂದರು.

ಮುದುಕರಿಗೆ ಹೃದಯದ ಓಟ ತಗ್ಗಿಸುವ ಡಿಜಿಟಾಲಿಸ್ ಅರ್ಕವನ್ನು ಹನಿಗಳಲ್ಲಿ ಕೊಟ್ಟೆವು. ಬಾವು ಇಳಿಯಿತು. ಮುದುಕರು ಅಂಗಳದಲ್ಲಿ ಓಡಾಡತೊಡಗಿದರು. ಮುಂದಿನ ಸಲ ಅವರ ಮಗ ಕರೆತಂದಾಗ ಊಟ ಸೇರದು, ವಾಂತಿ, ಕಣ್ಣಿಗೆ ಎಲ್ಲ ಹಳದಿ ಎಂದರು. ನಾಡಿ ಹಿಡಿದೆ: ನಿಧಾನ, ಸಮ, ಚೆಂದ. ಗುಣವಾಗಿದೆ ಎಂದು ಹೇಳಲು ಬಾಯಿ ತೆರೆದಿದ್ದೆ. ಸಾಹೇಬರು ಎದೆಗೆ ಕಿವಿಗೊಟ್ಟು, ಎರಡು ಬೆರಳು ಎತ್ತಿ ತೋರಿಸಿದರು. ಮಣಿಕಟ್ಟು ಒಂದು ಎಂದಾಗಲೆಲ್ಲ ಎದೆ ಎರಡು ಎನ್ನುತ್ತಿತ್ತು. ಪ್ರತಿ ಬಡಿತದ ಬೆನ್ನಿಗೆ ಅಂಟಿಕೊಂಡು ಹೆಚ್ಚಿನದೊಂದು, ಜೋಡಿ ಜೋಡಿಯಾಗಿ. ಔಷಧ ಮಿತಿ ಮೀರಿದ ಗುರುತು.

“ಹೇಳಿದ್ದಕ್ಕಿಂತ ಹೆಚ್ಚು ಹನಿ ಹಾಕೀರೇನು?” ಎಂದು ಕೇಳಿದೆ.

ಮಗ ಹಿಗ್ಗಿನಿಂದಲೇ ಹೇಳಿದ: “ಅಷ್ಟು ಹನಿಗಿ ಇಷ್ಟು ಗುಣ ಬಂತು ಅಂದ್ರ, ಡಬ್ಬಲ್ ಹಾಕಿದ್ರ ಎಷ್ಟು ಬರಬಾರದು ಅಂತ ಹಾಕಿದೆನ್ರಿ.”

ಔಷಧ ನಿಲ್ಲಿಸಿದೆವು, ಜೋಡಿಗಳು ಬಿಟ್ಟುಹೋದವು. ಮುದುಕರು ಮುಂದೆ ಎಷ್ಟು ಕಾಲ ಇದ್ದರೋ ನನಗೆ ಗೊತ್ತಿಲ್ಲ. ಹೇಳುವಾಗ ಎರಡು ಸುಗ್ಗಿ ಕಂಡರು ಎಂದು ಸೇರಿಸುತ್ತೇನೆ. ಅದನ್ನು ಎಲ್ಲಿಂದ ತಂದೆನೋ.

ಈಗ ಶರಣಮ್ಮ.

ಅವಳು ಮೊದಲ ಸಲ ಬಂದಾಗ ಜೊತೆಗೆ ಅತ್ತೆ ಗುರುಬಸಮ್ಮ, ಗಂಡ ಮಲ್ಲಣ್ಣ. ನಾಲವಾರದಿಂದ ವಾಡಿಗೆ ಒಂದು ಗಾಡಿ, ವಾಡಿಯಿಂದ ಚಿತ್ತಾಪುರಕ್ಕೆ ಇನ್ನೊಂದು, ಹಾಗೆ ಬಂದಿದ್ದರು. ಒಕ್ಕಲುತನದ ಮನೆ. ಗುರುಬಸಮ್ಮನ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಮೊನಚು. ಮಲ್ಲಣ್ಣ ಮಾತಾಡಬೇಕಾದಾಗ ತಾಯಿಯ ಮುಖ ನೋಡುತ್ತಿದ್ದ. ಶರಣಮ್ಮ ನೆಲ ನೋಡುತ್ತಿದ್ದಳು.

“ಹೊಲದಾಗ ಕುಂದರತಾಳ, ಬಾವಿ ಕಟ್ಟಿಮ್ಯಾಲೆ ಕುಂದರತಾಳ. ಕೊಡ ಒಡದಾಳ. ಮಾರಿ ಬೆಳ್ಳಗ ಸುಣ್ಣ ಆಗತದ. ಕೇಳಿದ್ರ ಎದಿ ಹಾರತದ ಅಂತಾಳ,” ಎಂದು ಗುರುಬಸಮ್ಮ ಫಿರ್ಯಾದಿ ಕೊಟ್ಟರು. “ಅದು ಹೋದ ಮ್ಯಾಲೆ ಸುಮ್ಮನರ ಕೆಲಸ ಮಾಡತಾಳೇನು? ಘಳಿಗಿಗೊಮ್ಮೆ ಹಿತ್ತಲಕ್ಕ ಓಡತಾಳ ನೀರು ಬಿಡಾಕ.”

ಸೊಸೆಯ ಮುಖ ಕೆಂಪಾಯಿತು. ಅತ್ತೆ ಮೂದಲಿಸಲು ಹೇಳಿದ ಆ ಕಡೆಯ ಮಾತೇ ನನ್ನನ್ನು ಎಚ್ಚರಿಸಿದ್ದು. ಎದೆ ಒಮ್ಮೆಲೇ ಹಾರಿ, ಒಮ್ಮೆಲೇ ನಿಂತು, ಆಮೇಲೆ ಹಾಗೆ ಪದೇ ಪದೇ ಮೂತ್ರಕ್ಕೆ ಹೋಗುವಂತಾಗುವ ಒಂದು ಬಗೆ ಇದೆ. ಹೆದರಿಕೆಗೆ, ಜ್ವರಕ್ಕೆ, ರಕ್ತ ಕಡಿಮೆಯಾದದ್ದಕ್ಕೆ ಹೆಚ್ಚುವ ಬಡಿತ ಬೇರೆ. ಅದು ದಿನ್ನೆ ಏರಿದ ಹಾಗೆ ಏರುತ್ತದೆ, ಇಳಿದ ಹಾಗೆ ಇಳಿಯುತ್ತದೆ.

ಸಾಹೇಬರು ಪರೀಕ್ಷೆ ಮಾಡುವಾಗ ಅವಳ ಹೃದಯ ಹದಿಹರೆಯದವರ ಹೃದಯದ ಹಾಗೆ ನಿರಾಳವಾಗಿ ನಡೆಯುತ್ತಿತ್ತು. ಕವಾಟಗಳಲ್ಲಿ ದೋಷವಿಲ್ಲ. ಏನೂ ಸಿಗಲಿಲ್ಲ. ಅವರು ಗುರುಬಸಮ್ಮನ ಕಡೆ ತಿರುಗಿ ಏನೋ ಹೇಳಿ, ಸುಭಾನಲ್ಲಾಹ್ ಎಂದು, ಮುಂದಿನವರನ್ನು ಕರೆದರು. ಹೊರಗೆ ಕಟ್ಟೆಯ ಮೇಲೆ ಕೂತ ಶರಣಮ್ಮನಿಗೆ ನಾನು ಹೇಳಿದೆ:

“ಅದು ಬಂದಾಗ ಹೆಂಗ ಬಡೀತದ, ಕೈಲೆ ಈ ಕಲ್ಲಮ್ಯಾಲೆ ಬಾರಿಸಿ ತೋರಸವ್ವಾ.”

ಅವಳು ಅತ್ತೆಯ ಕಡೆ ನೋಡಿದಳು. ಆಮೇಲೆ ಎರಡು ಬೆರಳಿನಿಂದ ಫರಸಿಯ ಮೇಲೆ ಬಾರಿಸಿದಳು. ಮಳೆ ಹನಿ ತಗಡಿಗೆ ಬಿದ್ದಷ್ಟು ಜಲದಿ, ಆದರೆ ಒಂದೇ ಸಮ, ಹೆಚ್ಚು ಕಡಿಮೆಯಿಲ್ಲ. ಬಾರಿಸಿ ಬಾರಿಸಿ ಥಟ್ಟನೆ ಕೈ ಎತ್ತಿದಳು.

“ಹಿಂಗ ಹೋಗತದರಿ. ದೀಪ ಆರಿಸಿದಂಗ.”

“ಅದು ಇದ್ದಾಗ ಒಮ್ಮೆ ಬಂದು ತೋರಸಬೇಕಿತ್ತಲ್ಲವ್ವಾ.”

“ಅದು ಬಂದಾಗ ನಂಗ ಬರಾಕ ಆಗಂಗಿಲ್ಲರಿ. ನಾ ಬರೂದರಾಗ ಅದು ಹೋಗಿರತದ.”

ಅವಳ ಬಾಯಲ್ಲಿ ನಗು ಸುಳಿಯಿತು ಎಂದು ಬರೆಯಲು ಹೊರಟಿದ್ದೆ. ಸುಳಿಯಿತೋ ಇಲ್ಲವೋ. ಆ ಬೆರಳುಗಳ ಸದ್ದು ಮಾತ್ರ ಸುಳ್ಳಲ್ಲ, ಅದು ನನಗೆ ಈಗಲೂ ಬಾರಿಸಲು ಬರುತ್ತದೆ. ಅದು ಬಂದಾಗ ಏನು ಮಾಡಬೇಕೆಂದು ಹೇಳಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಸಾಹೇಬರು ಕೂಗಿದರು. ಹೋಗಿ ಬರುವಷ್ಟರಲ್ಲಿ ಅವರು ಗಾಡಿಗೆ ಹೊರಟುಹೋಗಿದ್ದರು.

ಎಷ್ಟೋ ದಿನಗಳಾದ ಮೇಲೆ, ಜೋಳದ ರಾಶಿಯ ಕಾಲ, ನಾನು ಕೆಲಸದ ಮೇಲೆ ಶಹಾಬಾದಿಗೆ ಹೊರಟು ವಾಡಿ ಜಂಕ್ಷನ್‌ನಲ್ಲಿ ಗಾಡಿ ಬದಲಿಸಲು ನಿಂತಿದ್ದೆ. ಬಿಸಿಲು ಏರುತ್ತಿತ್ತು. ಬೇವಿನ ಗಿಡದ ಕೆಳಗೆ ಒಂದು ಟ್ರಂಕು, ಒಂದು ಗಂಟು, ಅದರ ಪಕ್ಕ ಶರಣಮ್ಮ. ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಮಲ್ಲಣ್ಣ. ಗುರುಬಸಮ್ಮ ನನ್ನನ್ನು ನೋಡಿ ಗುರುತು ಹಿಡಿದರು, ಆದರೆ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡಿದರು.

“ಎಲ್ಲಿಗಿ ಹೊಂಟೀರಿ ಯವ್ವಾ?”

“ಭಂಕೂರಕ್ಕ. ಇಕಿ ತವರಮನಿಗಿ.”

“ಹಬ್ಬಕ್ಕೇನು?”

“ಬಿಟ್ಟು ಬರಾಕ.”

ಭಂಕೂರು ಶಹಾಬಾದಿನ ಹತ್ತಿರದ ಊರು. ನಾನು ಟ್ರಂಕಿನ ಕಡೆ ನೋಡಿದೆ. “ಕೂಸು ಎಲ್ಲದ?” ಎಂದು ಕೇಳಿದೆ. ಅವಳಿಗೊಂದು ಹೆಣ್ಣುಕೂಸು ಇದೆಯೆಂದು ದವಾಖಾನೆಯಲ್ಲಿ ಹೇಳಿದ್ದರು.

“ಮನ್ಯಾಗ ಅದ. ಕೂಸು ನಮ್ಮದು,” ಎಂದರು ಗುರುಬಸಮ್ಮ. ಶರಣಮ್ಮ ಗಂಟಿನ ಬಿಗಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮಲ್ಲಣ್ಣ ಹಳಿಗಳನ್ನು ನೋಡುತ್ತಿದ್ದ.

“ಯಾಕ ಬಿಡತೀರಿ? ಏನು ತಪ್ಪು ಮಾಡ್ಯಾಳ?”

“ತಪ್ಪು ಯಾರು ಅಂದಾರ? ಹುಡುಗಿ ಛಲೋದು ಅದ. ಆದ್ರ ಎದಿ ಕೆಟ್ಟದ್ದು. ಒಂದಿನ ಬಾವ್ಯಾಗ ಬಿದ್ದು ಸತ್ತಳು ಅಂದ್ರ ಇವರಪ್ಪ ನಮ್ಮ ಮ್ಯಾಲೇ ಹೇಳತಾನ. ನನ್ನ ಮಗಗ ಇನ್ನೂ ವಯಸ್ಸದ. ಯಾರರ ಏನರ ಅನ್ನಲಿ, ನಿಮ್ಮ ದೊಡ್ಡ ಸಾಹೇಬ್ರೇ ಹೇಳಿ ಕಳಸ್ಯಾರಲ್ಲ.”

“ಸಾಹೇಬ್ರು ಏನು ಹೇಳ್ಯಾರ?”

“ನೀವೇ ಇದ್ರಲ್ಲ ಬಾಜೂಕ. ಇಲಾಜ್ ಇಲ್ಲ ಅಂದ್ರು.”

ಸಾಹೇಬರು ಯಾರಿಗೂ ಅಂಥ ಮಾತು ಹೇಳುವವರಲ್ಲ. ಚಿಂಚೋಳಿಯ ಮುದುಕರಿಗೂ ಹೇಳಿರಲಿಲ್ಲ. ನಾನು ಕೇಳಿದೆ, “ಅವರು ಅಂದದ್ದು ಅಂದಂಗ ಹೇಳ್ರಿ ನೋಡೋಣು.”

ಗುರುಬಸಮ್ಮನಿಗೆ ಸಿಟ್ಟು ಬಂತು. “ನಾವೇನು ತುರುಕ ಮಾತು ತಿಳೀಲಾರದವರೇನ್ರಿ? ಬಾಜಾರದಾಗ ದಿನಾ ಕೇಳತೀವಿ. ಇಕಿ ಕೈ ಬಿಟ್ಟು, ನನ್ನ ಕಡಿ ನೋಡಿ, ‘ಇಕ್ತಲಾಜ್ ಹೈ’ ಅಂದ್ರು. ಲಾಇಲಾಜ್ ಅಂದ್ರ ಇಲಾಜ್ ಇಲ್ಲ ಅಂತಲ್ಲೇನು?”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಲಾಜ್ ಎಂದರೆ ಔಷಧೋಪಚಾರ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಲಾಇಲಾಜ್ ಎಂದರೆ ಔಷಧವಿಲ್ಲದ ರೋಗ, ಅದೂ ಗೊತ್ತು. ಇಖ್ತಿಲಾಜ್ ಯಾರಿಗೂ ಗೊತ್ತಿಲ್ಲ. ಅದು ಪುಸ್ತಕದ ಮಾತು. ಗೊತ್ತಿಲ್ಲದ ಶಬ್ದದಲ್ಲಿ ಗೊತ್ತಿರುವ ಶಬ್ದವನ್ನು ಕಿವಿ ಹುಡುಕಿಕೊಂಡಿತ್ತು. ಆ ಮಾತು ಎರಡು ಗಾಡಿ ಹತ್ತಿ ನಾಲವಾರಕ್ಕೆ ಹೋಗಿ, ಹಿರಿಯರ ಮುಂದೆ ಕೂತು, ಟ್ರಂಕು ಕಟ್ಟಿಸಿತ್ತು.

“ಹಂಗಲ್ಲವ್ವಾ. ಇಖ್ತಿಲಾಜ್ ಅಂದ್ರ ಎದಿ ಹಾರೂದು. ಅಷ್ಟೇ ಅರ್ಥ. ನೀವು ಎದಿ ಹಾರತದ ಅಂತ ಹೇಳಿದ್ರಿ, ಅವರು ಹೌದು, ಎದಿ ಹಾರತದ ಅಂದ್ರು.”

ಗುರುಬಸಮ್ಮ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. “ನಾ ಹೇಳಿದ್ದೇ ನಂಗ ತಿರುಗಿಸಿ ಹೇಳಾಕ ಅವರು ಡಾಕ್ಟರ್ ಆಗ್ಯಾರೇನು? ಇರಲಿ ಆಚಾರ್ರ. ಮಾತಿನ ಮ್ಯಾಲೆ ನಾವು ಮನಿ ನಡಸಾಕ ಆಗಂಗಿಲ್ಲ.”

ಮಾತೇ ಕೆಡಿಸಿದ್ದನ್ನು ಇನ್ನಷ್ಟು ಮಾತಿನಿಂದ ಹೇಗೆ ಸರಿಪಡಿಸಲಿ? ಮಲ್ಲಣ್ಣನ ಕಡೆ ನೋಡಿದೆ. “ಅವ್ವ ಹೇಳಿದಂಗ,” ಎಂದ.

ಇಲ್ಲಿಂದ ಮುಂದೆ ನನ್ನ ನೆನಪು ಎರಡು ಥರ ಇದೆ. ಒಂದರಲ್ಲಿ ಶಹಾಬಾದಿನ ಗಾಡಿ ಆಗಲೇ ಬಂದು ನಿಂತಿತ್ತು, ಶರಣಮ್ಮ ಟ್ರಂಕು ಎತ್ತಲು ಬಗ್ಗಿದಳು. ಇನ್ನೊಂದರಲ್ಲಿ ಗಾಡಿ ಇನ್ನೂ ಬಂದಿರಲಿಲ್ಲ. ಬಗ್ಗಿದ್ದು ಎರಡರಲ್ಲೂ ಇದೆ. ಬಗ್ಗಿದವಳು ಏಳಲಿಲ್ಲ, ಟ್ರಂಕಿನ ಮೇಲೆ ಕೂತಳು. ಮುಖ ಅತ್ತೆ ಹೇಳಿದ ಹಾಗೆಯೇ ಸುಣ್ಣವಾಗಿತ್ತು.

“ಬಂತು,” ಎಂದಳು.

ಕೊರಳಿನ ಪಕ್ಕದಲ್ಲಿ ಚರ್ಮದ ಕೆಳಗೆ ಅದು ಕಣ್ಣಿಗೇ ಕಾಣುತ್ತಿತ್ತು, ಚಿಟ್ಟೆ ಸಿಕ್ಕಿಕೊಂಡ ಹಾಗೆ. ಚೀಲದಿಂದ ಸ್ಟೆತೋಸ್ಕೋಪು ತೆಗೆದು ಬೆನ್ನ ಕಡೆಯಿಂದ ಇಟ್ಟೆ. ಅವಳು ಕಲ್ಲಿನ ಮೇಲೆ ಬಾರಿಸಿ ತೋರಿಸಿದ್ದು ಅದೇ, ಅಷ್ಟೇ ಜಲದಿ, ಅಷ್ಟೇ ಸಮ. ಚೆಲ್ಲಿದ ಕಡಲೆಯಲ್ಲ, ತಪ್ಪುವ ಪೆಟ್ಟಲ್ಲ. ಪುಸ್ತಕದಲ್ಲಿ ಓದಿ, ಸಾಹೇಬರ ಬಾಯಿಂದ ಕೇಳಿ, ಹಿಡಿಯಲು ಇಷ್ಟು ವರ್ಷ ಕಾದಿದ್ದ ಬಗೆ ಪ್ಲಾಟ್‌ಫಾರ್ಮಿನ ಮೇಲೆ ನನ್ನ ಕಿವಿಯಲ್ಲಿತ್ತು. ಅಂಥ ಬಡಿತಕ್ಕೆ ಮದ್ದು ಕೆಲವು ಸಲ ಶರೀರದಲ್ಲೇ ಇರುತ್ತದೆ ಎಂದೂ ಸಾಹೇಬರು ಹೇಳಿದ್ದರು.

“ಯವ್ವಾ, ಇಲ್ಲಿ ಬರ್ರಿ. ನಿಮ್ಮ ಸೊಸಿ ಮಣಿಕಟ್ಟು ಹಿಡೀರಿ.”

“ನಾ ಯಾಕ?”

“ಮಾತಿನ ಮ್ಯಾಲೆ ಮನಿ ನಡಸಂಗಿಲ್ಲ ಅಂದ್ರಲ್ಲ. ಬೆರಳಿಟ್ಟು ನೋಡ್ರಿ.”

ಗುರುಬಸಮ್ಮ ಕೂತರು. ನಾನು ಅವರ ಬೆರಳುಗಳನ್ನು ಸರಿಯಾದ ಜಾಗದಲ್ಲಿ ಇಡಿಸಿದೆ. ಸ್ವಲ್ಪ ಹೊತ್ತು ಅವರಿಗೆ ಏನೂ ಸಿಗಲಿಲ್ಲ. ಆಮೇಲೆ ಸಿಕ್ಕಿತು. ಕೈ ಹಿಂದೆ ತೆಗೆದುಕೊಳ್ಳಹೋದರು, ತೆಗೆದುಕೊಳ್ಳಲಿಲ್ಲ.

“ಯಪ್ಪಾ ಶಿವನ,” ಎಂದರು ಸಣ್ಣಗೆ. “ಇದನ್ನ ಇಟಗೊಂಡು ಇಕಿ ಕೊಡ ಹೊರತಿದ್ದಳಾ?”

ಉಸಿರು ಬಿಗಿ ಹಿಡಿದು, ಹೆರಿಗೆಯಲ್ಲಿ ಮುಕ್ಕಿದ ಹಾಗೆ ಮುಕ್ಕು ಎಂದು ಶರಣಮ್ಮನಿಗೆ ಹೇಳಿದೆ. ಮುಕ್ಕಿದಳು. ಬಡಿತ ಬಗ್ಗಲಿಲ್ಲ. ಇನ್ನೊಮ್ಮೆ ಮುಕ್ಕಿದಳು. ಇಲ್ಲ. ತುಟಿ ಒಣಗುತ್ತಿತ್ತು. “ಮಲ್ಲಣ್ಣ, ಒಂದು ಬಕೆಟ್ ತಣ್ಣೀರು ತಾ,” ಎಂದೆ. ಅವನು ತಾಯಿಯ ಮುಖ ನೋಡಲಿಲ್ಲ, ಓಡಿದ. ಆಗ ಸ್ಟೇಷನ್ನುಗಳಲ್ಲಿ ಹಿಂದೂಗಳಿಗೆ ಬೇರೆ, ಮುಸಲ್ಮಾನರಿಗೆ ಬೇರೆ ನೀರಿನ ಮಡಕೆಗಳಿರುತ್ತಿದ್ದವು. ಅವನು ಯಾವುದರಿಂದ ತಂದನೋ ನನಗೆ ಗೊತ್ತಿಲ್ಲ. ಕೇಳುವವರನ್ನು ನೋಡಿ ನಾನು ಬೇರೆ ಬೇರೆ ಹೇಳಿದ್ದೇನೆ. ಗುರುಬಸಮ್ಮ ಆ ಹೊತ್ತು ಕೇಳಲಿಲ್ಲ, ಇದು ನಿಜ.

“ಉಸಿರು ಹಿಡದು ಮಾರಿ ನೀರಾಗ ಮುಳಗಸವ್ವಾ. ನಾ ಹೇಳೂ ತನಕ ಎತ್ತಬ್ಯಾಡ. ಯವ್ವಾ, ನೀವು ಕೈ ಬಿಡಬ್ಯಾಡ್ರಿ.”

ಅವಳು ಬಕೆಟ್ಟಿನಲ್ಲಿ ಮುಖ ಇಳಿಸಿದಳು. ಸೆರಗು ನೀರಲ್ಲಿ ತೇಲಿತು. ನನ್ನ ಕಿವಿಯಲ್ಲಿ ಆ ಸದ್ದು ಓಡುತ್ತಿತ್ತು, ಓಡುತ್ತಿತ್ತು. ಆಮೇಲೆ ಇಲ್ಲ.

ಇಲ್ಲ ಎಂಬುದನ್ನು ಹೇಗೆ ಬರೆಯಲಿ. ಪ್ಲಾಟ್‌ಫಾರ್ಮಿನ ಸದ್ದೆಲ್ಲ ಆಗ ಅಡಗಿತ್ತು ಎಂದು ನೆನಪು ಹೇಳುತ್ತದೆ. ಅದು ಸುಳ್ಳು, ವಾಡಿ ಜಂಕ್ಷನ್ ಎಂದೂ ಸುಮ್ಮನಿರುವುದಿಲ್ಲ. ಆದರೆ ಸ್ಟೆತೋಸ್ಕೋಪಿನ ಒಳಗೆ ಏನೂ ಇರಲಿಲ್ಲ. ಒಬ್ಬ ಜೀವಂತ ಹೆಣ್ಣುಮಗಳ ಎದೆಗೆ ಕಿವಿಗೊಟ್ಟು ನಾನು ಏನೂ ಇಲ್ಲದ್ದನ್ನು ಕೇಳುತ್ತಿದ್ದೆ. ಗುರುಬಸಮ್ಮ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಬೆರಳಿಗೂ ಅದೇ ಗೊತ್ತಾಗಿತ್ತು.

ಒಂದು ಬಡಿತ ಬಂತು. ದೊಡ್ಡದು, ಬಾಗಿಲು ತೆರೆದ ಹಾಗೆ. ಮತ್ತೆ ಬಿಡುವು. ಇನ್ನೊಂದು. ನಡುವೆ ಅವಸರದ ಒಂದು ಹೆಚ್ಚಿನದು ಬಂದು, ತಡೆದು, ಒದ್ದಿತು, ಲಕ್ಷ್ಮಪ್ಪನದರ ಹಾಗೆ. ಆಮೇಲೆ ಸಾಲಾಗಿ, ನಿಧಾನವಾಗಿ, ಹೊಲದಿಂದ ಮನೆಗೆ ತಿರುಗಿದವರ ಹೆಜ್ಜೆಯ ಹಾಗೆ ನಡೆಯತೊಡಗಿತು.

“ಏಳವ್ವಾ,” ಎಂದೆ.

ಅವಳು ಮುಖ ಎತ್ತಿದಳು. ನೀರು ಇಳಿಯುತ್ತಿತ್ತು. ಬಣ್ಣ ಬರುತ್ತಿತ್ತು.

“ನಿಂತಿತ್ತು,” ಎಂದರು ಗುರುಬಸಮ್ಮ. “ನಿಂತು ಬಂತು.” ನನಗೆ ಹೇಳಿದ್ದಲ್ಲ, ಯಾರಿಗೂ ಅಲ್ಲ.

ನಾನು ನನಗೆ ಗೊತ್ತಿದ್ದಷ್ಟು ಹೇಳಿದೆ. ಇದು ಇನ್ನು ಬರುವುದಿಲ್ಲ ಎಂದು ಮಾತು ಕೊಡಲಾರೆ, ಬರುತ್ತದೆ. ಬಂದಾಗ ಬಾವಿಯ ಕಟ್ಟೆಯಿಂದ ದೂರ ಕೂಡಿಸಿ, ಮೊದಲು ಉಸಿರು ಬಿಗಿಹಿಡಿಸಿ, ಆಗದಿದ್ದರೆ ಹೀಗೆ ತಣ್ಣೀರು. ಉಳಿದ ಹೊತ್ತು ಅವಳ ಹೃದಯ ಗಟ್ಟಿಯಾಗಿದೆ. ಗುರುಬಸಮ್ಮ ಕೇಳುತ್ತಿದ್ದರೋ ಇಲ್ಲವೋ. ಬೆರಳು ಮಣಿಕಟ್ಟಿನ ಮೇಲೇ ಇತ್ತು.

“ಇದರಿಂದ ಸಾಯತಾಳೇನ್ರಿ?”

“ಇದರಿಂದ ಸಾಯಂಗ ನಂಗ ಕಾಣಂಗಿಲ್ಲವ್ವಾ.”

“ಆ ಸಾಹೇಬ್ರು ಅಂದದ್ದು ಇದಕ್ಕೇನು? ಆ ಇಕ್ತಲಾಜ್?”

“ಇದಕ್ಕೇ.”

ಚಿತ್ತಾಪುರಕ್ಕೆ ಹಿಂದಿರುಗಿ ಹಮೀದ್ ಸಾಹೇಬರಿಗೆ ಇದನ್ನು ಹೇಳಿದೆ. ಮುಂದೆ ಅವರು ಮೂರು ಕನ್ನಡ ಶಬ್ದ ಕಲಿತರು: ಹಾರತದ, ತಪ್ಪತದ, ಚೆಲ್ಲತದ. ಕಡೆಯದು ಅವರೇ ಮಾಡಿಕೊಂಡದ್ದು. ಆ ಮೂರರಲ್ಲಿ ಎದೆಯ ಬಗೆಗಳೆಲ್ಲ ಬರುವುದಿಲ್ಲ, ಆದರೆ ಒಂದೇ ಶಬ್ದಕ್ಕಿಂತ ಹೆಚ್ಚು ಬರುತ್ತವೆ. ರೋಗಿಗಳಿಗೆ ಫರಸಿಯ ಮೇಲೆ ಬಾರಿಸಿ ತೋರಿಸಲು ಹೇಳುವುದೂ ನಮ್ಮ ದವಾಖಾನೆಯಲ್ಲಿ ಆಗಿನಿಂದ ರೂಢಿಯಾಯಿತು. ಯಂತ್ರವಿದ್ದರೂ ನೀವು, ಈಗಿನ ಡಾಕ್ಟರು, ಒಮ್ಮೆ ಹೇಳಿ ನೋಡಿರಿ.

ಇದನ್ನು ಕಡೆಗೆ ಇಟ್ಟರೆ ಬರಹ ಚೊಕ್ಕವಾಗಿ ಮುಗಿಯುತ್ತಿತ್ತು. ಆದರೆ ನನ್ನ ಮನಸ್ಸು ಇನ್ನೂ ವಾಡಿಯಲ್ಲೇ ಇದೆ. ಶಹಾಬಾದಿನ ಗಾಡಿಗೆ ಗಂಟೆ ಹೊಡೆದರು. ನಾನು ಹತ್ತಬೇಕಿತ್ತು. ಅವರೂ ಹತ್ತಬೇಕಿತ್ತು. ಮಲ್ಲಣ್ಣ ಟ್ರಂಕಿನ ಹತ್ತಿರ ಬಂದು, ಎತ್ತಲೋ ಬೇಡವೋ ಎಂದು ನಿಂತ. ಶರಣಮ್ಮ ಸೆರಗು ಹಿಂಡಿಕೊಳ್ಳುತ್ತಿದ್ದಳು, ಒಂದೇ ಕೈಯಿಂದ, ಇನ್ನೊಂದು ಕೈ ಅತ್ತೆಯ ಹತ್ತಿರವಿತ್ತು.

ಗುರುಬಸಮ್ಮ ಎದ್ದು ನಿಂತರು. ಎದುರಿಗೆ ಹೊರಡಲು ನಿಂತ ಗಾಡಿಯನ್ನು ನೋಡಿದರು, ಮಗನನ್ನು ನೋಡಿದರು.

“ನಿಂತಗೊಂಡು ಏನು ನೋಡತಿ? ಟ್ರಂಕ್ ಎತ್ತು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆಚಾರ್ರ, ನಾಲವಾರದ ಗಾಡಿ ಯಾವ ಬಾಜೂ ಬರತದ?”

ಹಳಿಗಳ ಆಚೆಯ ಪ್ಲಾಟ್‌ಫಾರ್ಮು ತೋರಿಸಿದೆ. ಮಲ್ಲಣ್ಣ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಹಿಂದೆ ಅತ್ತೆ ಸೊಸೆ ಹಳಿ ದಾಟಿದರು, ಒಬ್ಬರ ಪಕ್ಕ ಒಬ್ಬರು. ನನ್ನ ಗಾಡಿ ಹೊರಟಿತು. ಅವರು ಚಿಕ್ಕವರಾಗುತ್ತ ಹೋಗುವವರೆಗೂ ನಾನು ಬಾಗಿಲಲ್ಲಿ ನಿಂತು ನೋಡಿದೆ. ಗುರುಬಸಮ್ಮ ಆ ಮಣಿಕಟ್ಟು ಬಿಟ್ಟದ್ದು ಕಾಣಲಿಲ್ಲ.